ಬಿಳಿ ಚೌಕದ ನಾಗು

ನನ್ನ ಗಂಡ ಒಂದು ಹೆಣ್ಣನ್ನು ಬಿಳಿ ಕಾಗದದ ನಡುವೆ ನಿಲ್ಲಿಸಿ ಕೈ ತೊಳೆದುಕೊಂಡು ಕೂತರು. ಊರಿಗೆಲ್ಲ ಅದಕ್ಕೆ ಜವಾಬು ಹೇಳುವ ಕೆಲಸ ನನ್ನ ಕುತ್ತಿಗೆಗೆ ಬಿತ್ತು. ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಬುಟ್ಟಿ ಇಳಿಸಿ, ಬಂಗುಡೆಗೆ ನೀರು ಚಿಮುಕಿಸುವಷ್ಟರಲ್ಲಿ ಒಬ್ಬರಲ್ಲ ಒಬ್ಬರು ಎದುರು ಬಂದು ನಿಲ್ಲುತ್ತಿದ್ದರು.

“ಹ್ವಾಯ್ ವನಜಕ್ಕ, ಆ ನಾಗು ಕಡಿಗೆ ಎಂತ ಆಯ್ತ್?”

“ನಾಗು ಇಲ್ಲೆ. ಬಂಗ್ಡಿ ಇತ್ತ್, ಬೇಕಾ?”

ನಕ್ಕು ಹೋಗುವವರು ಹೋಗುತ್ತಿದ್ದರು. ಕೆಲವರು ಹೋಗುತ್ತಿರಲಿಲ್ಲ. ಬಂಗುಡೆಯ ಕಿವಿರು ಎತ್ತಿ ನೋಡುತ್ತಲೇ, ನಾಗು ಏನಾಗಬೇಕಿತ್ತು ಎಂಬ ತಮ್ಮ ಅಭಿಪ್ರಾಯವನ್ನು ಪೂರ್ತಿ ಒಪ್ಪಿಸಿ, ಮೀನು ಕೊಳ್ಳದೆ ಹೋಗುತ್ತಿದ್ದರು. ಅಂಥವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ನಮ್ಮವರ ಹೆಸರು ಗೋವರ್ಧನ. ಮದುವೆಗೆ ಮುಂಚೆ ಮುಂಬಯಿಯಲ್ಲಿ ಸೋದರಮಾವನ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಪಕ್ಕದ ರದ್ದಿ ಅಂಗಡಿಗೆ ಜಪಾನಿನ ಚಿತ್ರಕಥೆಯ ದಪ್ಪ ದಪ್ಪ ಪುಸ್ತಕಗಳು ಬರುತ್ತಿದ್ದವಂತೆ. ಅವಕ್ಕೆ ಮಾಂಗಾ ಎನ್ನುತ್ತಾರೆ. ಒಂದಕ್ಷರ ಓದಲು ಬಾರದಿದ್ದರೂ ಬರೀ ಚಿತ್ರ ನೋಡಿಯೇ ಇವರಿಗೆ ಹುಚ್ಚು ಹಿಡಿಯಿತು. 1997ರಲ್ಲಿ ಊರಿಗೆ ಬಂದರು, ನನ್ನನ್ನು ಮದುವೆಯಾದರು, ಹೆಮ್ಮಾಡಿಯಲ್ಲಿ ಮನೆ ಮಾಡಿದರು. ಗಂಗೊಳ್ಳಿ ಬಂದರಿನಲ್ಲಿ ದೋಣಿಗಳಿಗೆ ಹೆಸರು, ನಂಬರು ಬರೆಯುವುದು ಹೊಟ್ಟೆಪಾಡಾಯಿತು. ಹುಚ್ಚು ಮಾತ್ರ ಬಿಡಲಿಲ್ಲ. ಕೆಲವು ವರ್ಷಗಳ ಮೇಲೆ ಕುಂದಾಪುರದ ‘ಅಳಿವೆ’ ವಾರಪತ್ರಿಕೆಯ ಸಂಪಾದಕ ಬಾಲಚಂದ್ರ ಐತಾಳರು, ಸಾಲಿಗ್ರಾಮದ ಕಡೆಯವರು, ಹಿಂದಿನ ಪುಟವನ್ನು ಪೂರ್ತಿ ಇವರಿಗೆ ಬಿಟ್ಟುಕೊಟ್ಟರು. ಅಲ್ಲಿ ಹುಟ್ಟಿದವಳು ನಾಗು.

ನಾಗು ಮೀನು ಮಾರುವ ಹೆಣ್ಣು. ಮೂಗಿನಲ್ಲಿ ಮೂಗುತಿ, ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬುಟ್ಟಿ. ಕಣ್ಣು ಮಾತ್ರ ಜಪಾನಿನವರ ಪುಸ್ತಕದ ಹಾಗೆ ಮುಖದ ಅರ್ಧ. ಮೊದಮೊದಲು ಮಾಮೂಲಿ ಕಥೆ. ದೋಣಿ ಬರುತ್ತದೆ, ಮೀನು ಏಲಂ ಆಗುತ್ತದೆ, ನಾಗು ಮಾರಿ ಮನೆಗೆ ಹೋಗುತ್ತಾಳೆ. ಒಂದು ದಿನ ದಣಿದು ಗೋಡೆಗೆ ಒರಗಲು ಹೋದರೆ ಅದು ಗೋಡೆಯೇ ಅಲ್ಲ, ಚೌಕದ ಗೆರೆ. ಅವಳ ಬೆನ್ನಿಗೆ ಶಾಯಿ ಹತ್ತುತ್ತದೆ. ತಾನು ಯಾರೋ ಬರೆದ ಚಿತ್ರ ಎಂದು ಅವಳಿಗೆ ಗೊತ್ತಾಗುವುದು ಹಾಗೆ. ಅಲ್ಲಿಂದ ಮೇಲೆ ಪೆನ್ಸಿಲು ಹಿಡಿದ ಒಂದು ದೊಡ್ಡ ಕೈ ವಾರ ವಾರ ಚೌಕದೊಳಗೆ ಬರುತ್ತದೆ, ನಾಗು ಅದಕ್ಕೆ ವಾರ ವಾರ ಬೈಯುತ್ತಾಳೆ.

“ಬುಟ್ಟಿ ಇಷ್ಟ್ ಭಾರ ಎಂತಕ್ ಬರ್ದೆ? ಹೊರುದ್ ನೀನಾ?” “ಹ್ವಾದ ವಾರ ಮೂಗುತಿ ಎಡಕ್ಕಿತ್ತ್. ಈ ವಾರ ಬಲಕ್ಕೆ ಹ್ಯಾಂಗ್ ಬಂತ್?”

ಈ ಬೈಗುಳವೆಲ್ಲ ನನ್ನ ಬಾಯಿಂದ ಎತ್ತಿಕೊಂಡದ್ದು. ನಾನು ಯಾರಿಗೂ ಹೇಳಲಿಲ್ಲ. ಹೇಳದಿದ್ದರೂ ಮಾರ್ಕೆಟ್ಟಿನವರಿಗೆಲ್ಲ ಗೊತ್ತಿತ್ತು.

ಕೊನೆಕೊನೆಗೆ ನಾಗು ಹಟ ಹಿಡಿದಳು. ನೀನು ಕೊಟ್ಟದ್ದು ಒಂದೂ ನನಗೆ ಬೇಡ, ಎಲ್ಲ ಅಳಿಸು ಎಂದಳು. ಕೈ ಅಳಿಸುತ್ತ ಹೋಯಿತು. ಒಂದು ವಾರ ದೋಣಿ ಹೋಯಿತು, ಒಂದು ವಾರ ಮನೆ, ಒಂದು ವಾರ ಕಡಲು. ಆಮೇಲೆ ಬುಟ್ಟಿ, ಕಟ್ಟಕಡೆಗೆ ಮೂಗುತಿ. ಏನೂ ಇಲ್ಲದ ಬಿಳಿ ಚೌಕದಲ್ಲಿ ಒಂಟಿಯಾಗಿ ನಿಂತ ನಾಗು ಮೇಲೆ ನೋಡಿ, “ಇನ್ನೆಂತ?” ಎಂದು ಕೇಳಿದಳು. ಮರುವಾರ ಆ ಪುಟದಲ್ಲಿ ಅಕ್ಕಿ ಮಿಲ್ಲಿನ ಜಾಹೀರಾತು ಬಂತು. ಅದರ ಮರುವಾರವೂ ಅದೇ.

ಯಾಕೆ ನಿಲ್ಲಿಸಿದರು ಎಂದರೆ, ನಾನು ಹೇಳುವುದು ಇಷ್ಟೇ: ಇವರಿಗೆ ಕಿವಿ ಜಾಸ್ತಿಯಾಯಿತು. ಬ್ರಹ್ಮಾವರದಿಂದ ಗೌರೀಶ್ ಎಂಬ ಕಾಲೇಜು ಮೇಷ್ಟ್ರು ಬಂದು, ಆ ಬಿಳಿಯನ್ನು ಹಾಗೇ ಬಿಡಿ, ಅದರಲ್ಲೇ ಎಲ್ಲ ಇದೆ ಎಂದರು. ಸಾಲಿಗ್ರಾಮದ ಕ್ಷಮಾ ಎಂಬ ಹುಡುಗಿ, ನಾಗುವಿಗೆ ಆ ಕೈಯ ಮೇಲೆ ಪ್ರೀತಿ ಹುಟ್ಟಬೇಕು ಎಂದಳು. ಬಸ್ಸಿನ ಕಂಡಕ್ಟರ್ ಒಬ್ಬ ಅವಳನ್ನು ಮುಂಬಯಿಗೆ ಕಳಿಸಿ ಎಂದ. ತಾಳಮದ್ದಳೆಯಲ್ಲಿ ಅರ್ಥ ಹೇಳುವ ಒಬ್ಬರು, ಮಂಗಳ ಹಾಡದೆ ಪ್ರಸಂಗ ಬಿಟ್ಟು ಏಳಬಾರದು ಎಂದು ಗದರಿಸಿದರು. ಗಂಗೊಳ್ಳಿಯ ದೋಣಿ ಮಾಲೀಕರದ್ದು ಬೇರೆಯೇ ತಕರಾರು. ಇವರು ಪೇಪರಿನಲ್ಲಿ ಕಡಲು ಅಳಿಸಿದ ವಾರದಿಂದಲೇ ಬಲೆಗೆ ಮೀನು ಬೀಳುವುದು ಕಡಿಮೆಯಾಗಿದೆ, ಮೊದಲು ಅದನ್ನು ವಾಪಸ್ಸು ಬರೆಯಲಿ ಎಂದರು.

ಇವರು ಎಲ್ಲರ ಮಾತಿಗೂ ತಲೆಯಾಡಿಸಿದರು. ಎಲ್ಲರ ಮಾತಿಗೂ ಒಂದೊಂದು ಕೊನೆ ಬರೆದು ನೋಡಿದರು, ಎಲ್ಲವನ್ನೂ ಹರಿದರು. ಹತ್ತು ಮಂದಿ ಉಪ್ಪು ಹಾಕಿದ ಸಾರಿನಂತಾಯಿತು ಕಥೆ. ಆಮೇಲೆ ಪೆನ್ಸಿಲು ಮುಟ್ಟುವುದನ್ನೇ ಬಿಟ್ಟರು. ದೋಣಿಗೆ ಹೆಸರು ಬರೆಯುವಾಗ ಕೇಳದಿದ್ದರೂ ಪಕ್ಕದಲ್ಲೊಂದು ಮೀನು, ಒಂದು ಹೂವು ಬಿಡಿಸುತ್ತಿದ್ದ ಮನುಷ್ಯ ಈಗ ಬರೀ ನಂಬರು ಬರೆದು ಬ್ರಷ್ಷು ತೊಳೆದು ಬರುತ್ತಿದ್ದರು. ಮನೆಯಲ್ಲಿ ಮಾತೂ ಕಡಿಮೆಯಾಯಿತು. ನನ್ನ ಬೈಗುಳಕ್ಕೂ ಬೆಲೆ ಇಲ್ಲದಾಯಿತು, ಅದೇ ನನಗೆ ಹೆಚ್ಚು ಸಂಕಟ.

ಹೀಗೆ ಎರಡು ವರ್ಷ ಹೋಯಿತು. 2008ರ ಬೇಸಿಗೆಯಲ್ಲಿ ಒಂದು ದಿನ ಐತಾಳರು ನಮ್ಮ ಮನೆಗೇ ಬಂದರು. ಜಗಲಿಯಲ್ಲಿ ಕೂತು, ನೀರು ಕುಡಿದು, ಬಹಳ ಹೊತ್ತು ಸೆಕೆಯ ವಿಷಯ ಮಾತಾಡಿದರು.

“ಗೋವರ್ಧನ, ಓದುವವ್ರ್ ಬಿಡ್ತಿಲ್ಲೆ ಮಾರಾಯ. ನಾಗು ಪುಸ್ತಕ ಆಯ್ಕ್ ಅಂತ್ರ್. ಈ ತಿಂಗಳ ಕಡೀ ಆಯ್ತಾರ ಕುಂದಾಪುರದ ಶಾಲಿಯಂಗೆ ಓದುಗರ ಸಭೆ ಕರ್ದಿದೆ. ನೀ ಅಷ್ಟ್ರೊಳ್ಗೆ ಕೊನಿ ಬರ್ದ್ ಕೊಟ್ರೆ ಕೊಟ್ಟೆ. ಇಲ್ದಿದ್ರೆ ಉಡ್ಪಿಯಂಗೆ ಒಬ್ರ್ ಚಿತ್ರ ಬರೆವವ್ರ್ ಇದ್ರ್, ಅವ್ರ್ ಹತ್ರ ಬರ್ಸ್ಕ್ ಅಂದೇಳಿ ಇದ್ದೆ.”

“ಬರ್ಸಿ ಐತಾಳ್ರೆ,” ಎಂದರು ಇವರು.

ಒಂದು ಮಾತು ತಕರಾರಿಲ್ಲ. ಬೇರೆ ಯಾರೋ ನಾಗುವಿನ ಕೈಕಾಲು ಬರೆಯುತ್ತಾರೆ, ಅವಳ ಬಾಯಲ್ಲಿ ಯಾರದೋ ಮಾತು ಹಾಕುತ್ತಾರೆ. ಅದಾದರೂ ಹೋಗಲಿ, ಅವಳನ್ನು ಬಿಟ್ಟುಕೊಟ್ಟರೆ ಇವರು ಇನ್ನು ಜನ್ಮದಲ್ಲಿ ಪೆನ್ಸಿಲು ಹಿಡಿಯುವುದಿಲ್ಲ ಎಂದು ನನಗೆ ಕಂಡುಹೋಯಿತು. ಐತಾಳರು ಅಂಗಳದಾಚೆಯ ದಣಪೆ ದಾಟುವುದನ್ನೇ ಕಾದಿದ್ದೆ.

“ನಿಮ್ಗ್ ನಾಚ್ಕಿ ಆತ್ತಿಲ್ಯಾ? ಊರವ್ರದ್ದೆಲ್ಲ ಕೇಂತ್ರಿ. ಕಂಡಕ್ಟರದ್ದೂ ಕೇಂಡ್ರಿ. ಮನಿ ಒಳ್ಗೆ ಇಪ್ಪವ್ಳಿಗೆ ಒಂದ್ ಮಾತ್ ಕೇಂಡ್ರ್ಯಾ?”

ಇವರು ನನ್ನ ಮುಖ ನೋಡಿದರು. “ಸರಿ, ನೀ ಹೇಳ್ ಕಾಂಬ. ನಾಗು ಎಂತ ಮಾಡ್ಕ್?”

ಅವಳು ಆ ಬಿಳಿಯಲ್ಲಿ ನಿಂತಿರುವುದು ಕಂಡರೆ ನನಗೆ ಸಂಕಟವಾಗುತ್ತದೆ, ಅಷ್ಟೇ ನನಗೆ ಗೊತ್ತಿದ್ದದ್ದು. ಸಂಕಟವೆಂದರೆ ಕಥೆಗೆ ಕೊನೆಯಾಗುವುದಿಲ್ಲವಲ್ಲ. ಒಳಗೆ ಹೋಗಿ ಪಾತ್ರೆಯ ಮೇಲೆ ಸಿಟ್ಟು ತೀರಿಸಿಕೊಂಡೆ.

ಆ ಶನಿವಾರ ಕುಂದಾಪುರದಲ್ಲಿ ಸಂತೆ. ಹಸಿಮೀನು ಬೇಗ ಖರ್ಚಾಗಿತ್ತು. ಮನೆಗೆ ಸ್ವಲ್ಪ ಚಟ್ಲಿ, ಅಂದರೆ ಒಣ ಸಿಗಡಿ, ಕೊಳ್ಳೋಣವೆಂದು ಒಣಮೀನಿನ ಸಾಲಿಗೆ ಹೋದೆ. ಅಲ್ಲಿ ಶಿರೂರಿನಿಂದ ಸಂತೆಗೆ ಮಾತ್ರ ಬರುವ ಹರಿಣಾಕ್ಷಕ್ಕ ಕೂರುತ್ತಾರೆ. ನನಗಿಂತ ತುಂಬ ಹಿರಿಯರು, ನಾಲ್ಕನೇ ಕ್ಲಾಸಿನವರೆಗೆ ಓದಿದವರು. ನನ್ನ ಗಂಡ ಯಾರು ಏನು ಎಂದು ಅವರಿಗೆ ಗೊತ್ತಿರಲಿಲ್ಲ. ಚಟ್ಲಿ ಅಳೆದು, ಪಕ್ಕದ ರದ್ದಿ ಕಟ್ಟಿನ ಮೇಲಿನ ಪೇಪರು ಎಳೆದರು, ನೋಡಿದರು, ಅದನ್ನು ಮಡಚಿ ತಾವು ಕೂತ ಗೋಣಿಯ ಅಡಿಗೆ ಸೇರಿಸಿ ಬೇರೆ ಪೇಪರು ತೆಗೆದರು. ಸೇರಿಸಿದ್ದರಲ್ಲಿ ನಾಗುವಿನ ಬುಟ್ಟಿ ನನಗೆ ಕಾಣಿಸಿತು.

“ಅದೆಂತಕ್ ತೆಗ್ದಿಟ್ರಿ, ಅಕ್ಕ?”

“ಈ ಹೆಣ್ಣಿನ್ ಕಥಿ ಇದ್ದದ್ರಂಗೆ ಮೀನ್ ಕಟ್ಟುಕೆ ಮನ್ಸ್ ಬತ್ತಿಲ್ಲೆ. ಎಲ್ಲ ಮನಿ ಗ್ವಾಡಿಗೆ ಅಂಟ್ಸಿದೆ, ಇದ್ ಅದ್ರದ್ದೇ ಇನ್ನೊಂದ್. ಎಷ್ಟ್ ಲಾಯ್ಕಲ್ ಮುಗೀತ್ ಗೊತ್ತಿತ್ತಾ?”

“ಮುಗುದ್ ಎಲ್ಲಿ? ಅದ್ ಮುಗೀದ್ ಕಥಿ ಅಕ್ಕ. ಆ ಹೆಣ್ಣ್ ಬಿಳಿ ಜಾಗದಂಗೆ ನಿಂತ್ಕಂಡೇ ಇತ್ತ್,” ಎಂದೆ ನಾನು, ಮನೆಯವಳೆಂಬ ಗತ್ತಿನಲ್ಲಿ.

“ಅದ್ ಶುರುವಲ್ದಾ?” ಎಂದರು ಹರಿಣಾಕ್ಷಕ್ಕ. “ಶುರುವಿಗೆ ಅದಕ್ಕೆ ಎಂತದೂ ಇರ್ಲಿಲ್ಲೆ ಪಾಪ. ಮತ್ತ್ ಒಂದ್ ಕೈ ಬಂದ್ ಮೂಗುತಿ ಕೊಟ್ತ್. ಬುಟ್ಟಿ ಕೊಟ್ತ್. ಕಡ್ಲ್ ಬಂತ್, ಮನಿ ಬಂತ್, ದೋಣಿ ಬಂತ್. ಕೊಟ್ಟದ್ದಕ್ಕೆಲ್ಲ ಈ ಹೆಣ್ಣ್ ಬೈದದ್ದೇ ಬೈದದ್. ಕಡಿಗೆ ಆ ಕೈಯೇ ಬಪ್ಪುದ್ ಬಿಟ್ತ್. ಹೆಣ್ಣ್ ತನ್ನ ಪಾಡಿಗೆ ಮೀನ್ ಮಾರ್ಕಂಡ್ ಮನಿಗ್ ಹೋಯ್ತ್. ಇದಕ್ಕಿಂತ ಎಂತ ಬೇಕ್?”

ನಾನು ಆ ರದ್ದಿ ಕಟ್ಟನ್ನು ನೋಡಿದೆ, ಅರ್ಥವಾಯಿತು. ಐತಾಳರ ಆಫೀಸಿನಲ್ಲಿ ಮಾರಾಟವಾಗದೆ ಉಳಿದ ಪೇಪರುಗಳನ್ನು ವಾರ ವಾರ ಒಂದರ ಮೇಲೊಂದು ಪೇರಿಸುತ್ತಾರೆ. ಹೊಸದು ಮೇಲೆ, ಹಳೆಯದು ಅಡಿಗೆ. ಕಟ್ಟು ಹಾಗೇ ರದ್ದಿಗೆ ಬಂದು, ಹಾಗೇ ಹರಿಣಾಕ್ಷಕ್ಕನ ಕೈಗೆ ಬಂದಿದೆ. ಅವರು ಸಂತೆಯಿಂದ ಸಂತೆಗೆ ಮೇಲಿನಿಂದ ಒಂದೊಂದೇ ಎಳೆದು ನೋಡುತ್ತ ಇಡೀ ಕಥೆಯನ್ನು ಕೊನೆಯಿಂದ ಮೊದಲಿಗೆ ಓದಿದ್ದಾರೆ. ಒಣಮೀನು ಕಟ್ಟುವ ಪೇಪರಿನಲ್ಲಿ ತಾರೀಕು ಯಾರು ನೋಡುತ್ತಾರೆ?

“ಒಂದೇ ಒಂದ್ ಬೇಜಾರ್,” ಎಂದರು ಅವರು ಚಿಲ್ಲರೆ ಕೊಡುತ್ತ. “ಆ ಹೆಣ್ಣ್ ಆ ಬಿಳಿ ಜಾಗಕ್ಕೆ ಹ್ಯಾಂಗ್ ಬಂದದ್? ಅದಕ್ಕೂ ಮೊದ್ಲಿನ್ ಹಾಳಿ ಒಂದ್ ಇರ್ಕ್. ಇಲಿ ತಿಂತೋ ಏನೋ, ನಂಗೆ ಸಿಕ್ಕಲಿಲ್ಲೆ.”

ಮರುದಿನ ನಾನು ಒಂದು ಸುಳ್ಳು ಹೇಳಿದೆ. ಶಿರೂರಿನಲ್ಲಿ ಒಂದು ದೋಣಿಗೆ ಹೆಸರು ಬರೆಯಬೇಕಂತೆ, ಬ್ರಷ್ಷು ತಕ್ಕೊಳ್ಳಿ ಎಂದೆ. ಆ ಸುಳ್ಳಿನ ಬಗ್ಗೆ ನನಗೆ ಇವತ್ತಿಗೂ ಒಂಚೂರು ಪಶ್ಚಾತ್ತಾಪವಿಲ್ಲ. ಇವರು ಬಸ್ಸಿನಲ್ಲಿ ಬೈಂದೂರು ದಾಟುವವರೆಗೂ ಕಿಟಕಿ ನೋಡುತ್ತ ಕೂತಿದ್ದರು.

ಹರಿಣಾಕ್ಷಕ್ಕನ ಮನೆ ಕಡಲಿಗೆ ಹತ್ತಿರ. ಅಂಗಳದ ತುಂಬ ಒಣಗಲು ಹಾಕಿದ ಮೀನು. ಇವರೇ ನಾಗುವನ್ನು ಬರೆದವರು ಎಂದು ನಾನು ಹೇಳಿದಾಗ ಅವರು ಗುಡಿಸುತ್ತಿದ್ದ ಹಿಡಿಸೂಡಿ ಕೆಳಗಿಟ್ಟು ಇವರನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಇಷ್ಟು ಸಪೂರ ಮನುಷ್ಯನಾ ಎಂಬ ಹಾಗಿತ್ತು ಆ ನೋಟ.

ಒಳಗೆ ಹೋದೆವು. ಬಾಗಿಲ ಪಕ್ಕದಿಂದ ಹಿಡಿದು ಅಡಿಗೆ ಕೋಣೆಯವರೆಗೆ ಇಡೀ ಗೋಡೆಗೆ ಗಂಜಿಯಲ್ಲಿ ಅಂಟಿಸಿದ ನಾಗು. ಬಾಗಿಲ ಹತ್ತಿರ ಬಿಳಿ ಚೌಕದಲ್ಲಿ “ಇನ್ನೆಂತ?” ಎನ್ನುವವಳು. ಅಲ್ಲಿಂದ ಮುಂದೆ ಒಂದೊಂದಾಗಿ ಎಲ್ಲವೂ ಅವಳಿಗೆ ಬರುತ್ತದೆ. ಒಲೆಯ ಹತ್ತಿರ, ಹೊಗೆ ಹಿಡಿದ ಕೊನೆಯ ಹಾಳೆಯಲ್ಲಿ, ಅವಳು ಖಾಲಿ ಬುಟ್ಟಿ ಹಿಡಿದು ಮನೆಗೆ ಹೋಗುತ್ತಿದ್ದಾಳೆ. ಇವರು ಮೊದಲ ವಾರ ಬರೆದ ಚಿತ್ರ ಅದು.

ಇವರು ಗೋಡೆಯುದ್ದಕ್ಕೂ ನಿಧಾನವಾಗಿ ನಡೆದರು. ತಿರುಗಿ ಬಾಗಿಲಿಗೆ ಬಂದು ಮತ್ತೊಮ್ಮೆ ನಡೆದರು. ರಬ್ಬರು ಹಿಡಿದು ಕಡಲು ಅಳಿಸುವ ಕೈಯ ಎದುರು ನಿಂತರು. ಹಿಂದಿನಿಂದ ನೋಡಿದರೆ ಆ ಕೈ ಕಡಲನ್ನು ಒರೆಸಿ ಒರೆಸಿ ಹೊರಗೆ ತರುತ್ತಿತ್ತು. ಇವರಿಗೆ ನಗು ಬಂತು. ಎಷ್ಟೋ ಸಮಯದ ಮೇಲೆ ನಾನು ಆ ನಗು ಕೇಳಿದ್ದು.

“ಜಪಾನಿನವ್ರ್ ಪುಸ್ತಕ ಬಲಬದಿಂದ ಶುರು ಆಪುದ್ ವನಜ. ನಾ ಮುಂಬಯಿಯಂಗೆ ಒಂದ್ ವರ್ಷ ಎಡಬದಿಂದ ನೋಡ್ದವ. ಆದ್ರೂ ಲಾಯ್ಕ್ ಇದ್ದಿತ್.”

ಆಗ ಅವರ ಕಣ್ಣಿಗೆ ಅದು ಬಿತ್ತು. ಬಾಗಿಲಿಗೂ ಮೊದಲ ಹಾಳೆಗೂ ನಡುವೆ ಒಂದು ಹಾಳೆಯಷ್ಟು ಗೋಡೆ ಖಾಲಿ ಇತ್ತು. ಉಳಿದಲ್ಲೆಲ್ಲ ಒತ್ತೊತ್ತಾಗಿ ಅಂಟಿಸಿದವರು ಅಷ್ಟನ್ನು ಮಾತ್ರ ಬಿಟ್ಟಿದ್ದರು.

“ಇದೆಂತಕ್ ಬಿಟ್ಟದ್?”

“ಶುರುವಿನ್ ಹಾಳಿ ಸಿಕ್ರೆ ಅಂಟ್ಸುಕೆ,” ಎಂದರು ಹರಿಣಾಕ್ಷಕ್ಕ.

ಇವರು ಆ ಖಾಲಿ ಗೋಡೆಯನ್ನೇ ನೋಡುತ್ತ ನಿಂತರು. ಆಮೇಲೆ ನಾನು ಹೆದರಿದ್ದೇ ಆಯಿತು. ಹಳೇ ಚಾಳಿ ಎದ್ದಿತು. “ನಿಮ್ಗ್ ಎಂತ ಅನ್ಸ್ತ್? ಅದ್ ಅಲ್ಲಿಗೆ ಹ್ಯಾಂಗ್ ಬಂದಿರ್ಕ್?” ಎಂದು ಅವರನ್ನೇ ಕೇಳಿದರು. ನನಗೆ ಹಣೆ ಚಚ್ಚಿಕೊಳ್ಳಬೇಕೆನಿಸಿತು.

“ನನ್ನ ಕೇಂಡ್ರೆ?” ಎಂದರು ಹರಿಣಾಕ್ಷಕ್ಕ. “ನಂಗ್ ಗೊತ್ತಿದ್ರೆ ಜಾಗ ಎಂತಕ್ ಬಿಡ್ತಿದ್ದೆ ತಮ್ಮಾ? ಬರ್ದವ ನೀನ್. ನಿಂಗೇ ಗೊತ್ತಿರ್ಕ್.”

ಅಷ್ಟು ಹೇಳಿ ಮೀನಿನ ಹತ್ತಿರ ಕಾಗೆ ಓಡಿಸಲು ಅಂಗಳಕ್ಕೆ ಹೋದರು. ಅಭಿಪ್ರಾಯ ಕೇಳಿದಾಗ ಇಲ್ಲವೆಂದವರನ್ನು ಇವರು ಕಂಡದ್ದು ಅದೇ ಮೊದಲಿರಬೇಕು. ಆಮೇಲೆ ಗೋಡೆಯ ಕ್ಯಾಲೆಂಡರಿನಿಂದ ಮುಗಿದ ತಿಂಗಳ ಹಾಳೆ ಹರಿದುಕೊಂಡು, ಅದನ್ನು ತಿರುಗಿಸಿ, ಬಾಗಿಲ ಬೆಳಕಿಗೆ ನೆಲದ ಮೇಲೆ ಕೂತರು. ಬ್ರಷ್ಷಿನ ಚೀಲದ ತಳದಲ್ಲಿ ನಂಬರಿಗೆ ಗೆರೆ ಹಾಕುವ ಮೋಟು ಪೆನ್ಸಿಲು ಇತ್ತು.

ಎರಡು ವರ್ಷ ಕೊನೆ ಬರೆಯಲು ಹೆದರಿದ ಮನುಷ್ಯ ಶುರು ಬರೆಯಲು ಹೆದರಲಿಲ್ಲ. ನಾನು ಹೊಸ್ತಿಲಲ್ಲಿ ಕೂತು ಬೆಳಕಿಗೆ ಅಡ್ಡವಾಗದ ಹಾಗೆ ನೋಡುತ್ತಿದ್ದೆ. ಮಾತಾಡದೆ ಅಷ್ಟು ಹೊತ್ತು ಕೂತದ್ದು ನನಗೇ ಆಶ್ಚರ್ಯ. ಮೊದಲು ಬಿಳಿಯ ಅಂಚಿನಲ್ಲಿ ನಾಗು ಬಂದಳು, ಮೂಗುತಿ ಇಲ್ಲ, ಬುಟ್ಟಿ ಇಲ್ಲ. ಆಮೇಲೆ ಮೇಲಿನಿಂದ ಆ ದೊಡ್ಡ ಕೈ. ನಡುವೆ ಒಂದು ಪೆನ್ಸಿಲು. ಒಂದು ತುದಿಯನ್ನು ಆ ಕೈ ಹಿಡಿದಿದೆ, ಇನ್ನೊಂದು ತುದಿಯನ್ನು ನಾಗು ಹಿಡಿದಿದ್ದಾಳೆ. ಅವಳ ಮುಖದಲ್ಲಿ ಬೈಯುವ ಮೊದಲಿನ ಕಳೆ ಇತ್ತು. ಆ ಕಳೆ ನನಗೆ ಚೆನ್ನಾಗಿ ಗೊತ್ತು, ಕನ್ನಡಿಯಲ್ಲಿ ನೋಡಿದ್ದೇನೆ. ಮಾತು ಒಂದೂ ಬರೆಯಲಿಲ್ಲ.

ಹರಿಣಾಕ್ಷಕ್ಕ ಗಂಜಿ ತಂದು ತಾವೇ ಅಂಟಿಸಿದರು. ಕ್ಯಾಲೆಂಡರಿನ ಹಾಳೆ ಅಲ್ಲಿಗೆ ಸ್ವಲ್ಪ ದೊಡ್ಡದಾಯಿತು, ಅಂಚು ಬಾಗಿಲ ಚೌಕಟ್ಟಿನ ಮೇಲೆ ಹತ್ತಿತು. ಅವರು ಅದನ್ನು ಅಂಗೈಯಲ್ಲಿ ಒತ್ತಿ ಒತ್ತಿ ಸಮ ಮಾಡಿದರು. ಇವರು ಮನೆಗೆ ಬಂದು ಅದನ್ನೇ ಮತ್ತೆ ಶಾಯಿಯಲ್ಲಿ ಬರೆದು ಐತಾಳರಿಗೆ ಕೊಟ್ಟರು. ಐತಾಳರು ಉಡುಪಿಗೆ ಫೋನು ಮಾಡಿ ಬೇಡವೆಂದರು.

ತಿಂಗಳ ಕೊನೆಯ ಆಯ್ತವಾರ ಶಾಲೆಯ ಹಾಲಿನಲ್ಲಿ ಸಭೆ. ಚಿತ್ರವನ್ನು ದೊಡ್ಡದು ಮಾಡಿಸಿ ಕರಿಹಲಗೆಯ ಮೇಲೆ ನೇತುಹಾಕಿದ್ದರು. ಅಭಿಪ್ರಾಯ ಇದ್ದವರೆಲ್ಲ ಬಂದಿದ್ದರು, ಅಂದರೆ ಹಾಲು ತುಂಬಿತ್ತು. ಹರಿಣಾಕ್ಷಕ್ಕನನ್ನು ನಾನೇ ಹೇಳಿ ಕರೆಸಿದ್ದೆ. ನನ್ನ ಪಕ್ಕದಲ್ಲೇ ಕೂತಿದ್ದರು.

ಗೌರೀಶ್ ಮೇಷ್ಟ್ರು ಎದ್ದು ಚಿತ್ರವನ್ನು ಹತ್ತಿರದಿಂದ ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಅರಳಿತು. “ಬಿಳಿಯನ್ನು ಹಾಗೇ ಬಿಡಬೇಕು ಅಂದವನು ನಾನು. ಈಗ ಆ ಮಾತು ವಾಪಸ್ಸು ತಗೊಳ್ತೇನೆ. ಕೈ ತನ್ನ ಪೆನ್ಸಿಲನ್ನು ನಾಗುವಿಗೆ ಕೊಡ್ತಾ ಇದೆ. ಇನ್ನು ಅವಳ ಕಥೆಯನ್ನು ಅವಳೇ ಬರ್ಕೊಳ್ತಾಳೆ. ಕೊನೆ ಅಂದರೆ ಇದು,” ಎಂದರು. ಜನ ಚಪ್ಪಾಳೆ ತಟ್ಟಿದರು.

ಹರಿಣಾಕ್ಷಕ್ಕ ಕೂತಲ್ಲಿಂದಲೇ ಹೇಳಿದರು. “ಅದ್ ಹಾಂಗಲ್ಲ ಮಾಷ್ಟ್ರೆ. ಕೊಡುದ್ ನಾಗು. ನನ್ನನ್ ಬರಿ ಅಂದೇಳಿ ಅದೇ ಪೆನ್ಸಿಲ್ ತಂದ್ ಆ ಕೈಗೆ ಕೊಟ್ಟದ್. ಇಲ್ದಿದ್ರೆ ಕಥಿ ಶುರು ಆಪುದ್ ಹ್ಯಾಂಗೆ?”

ಮೇಷ್ಟ್ರು ಚಿತ್ರದ ಕಡೆ ತಿರುಗಿ, “ಹೌದಲ್ಲ, ಹಾಗೂ ಕಾಣ್ತದೆ” ಎಂದರು. ಅಷ್ಟರಲ್ಲಿ ಹಾಲು ಎರಡು ಪಾಲಾಗಿತ್ತು. ಕೊಡುವುದು ಕೈ ಎನ್ನುವವರು ಒಂದು ಕಡೆ, ನಾಗು ಎನ್ನುವವರು ಒಂದು ಕಡೆ. ಕ್ಷಮಾ ಬೆಂಚಿನ ಮೇಲೆ ಹತ್ತಿ ಮಾತಾಡುತ್ತಿದ್ದಳು. ಕೊನೆಗೆ ಯಾರೋ, ಬರೆದವರೇ ಇಲ್ಲಿದ್ದಾರಲ್ಲ, ಅವರನ್ನೇ ಕೇಳಿ ಎಂದರು. ಎಲ್ಲರೂ ಇವರ ಕಡೆ ತಿರುಗಿದರು.

ಮುಗಿಯಿತು ಎಂದುಕೊಂಡೆ. ಈಗ ಇವರು ಎಲ್ಲರಿಗೂ ತಲೆಯಾಡಿಸುತ್ತಾರೆ, ಮನೆಗೆ ಬಂದು ಹರಿಯುತ್ತಾರೆ, ಮತ್ತೆ ಬರೀ ನಂಬರು ಬರೆಯುತ್ತಾರೆ. ಇಷ್ಟು ಜನರ ಎದುರು ಎದ್ದು ನಿಂತರೆ ಮೊದಲೇ ಸಪೂರ ಮನುಷ್ಯ ಇನ್ನೂ ಸಪೂರ ಕಾಣುತ್ತಿದ್ದರು.

“ನಾ ಕಂಡದ್ ನಾ ಬರ್ದೆ,” ಎಂದರು. “ಇನ್ ಅದನ್ನ ತಿದ್ದುದಿಲ್ಲೆ. ನಂದ್ ಮುಗೀತ್. ನೀವ್ ಜಗಳ ಮಾಡ್ಕಣಿ, ನಾ ಕೇಂತೆ.”

ಹೇಳಿ ಕೂತರು. ಜಗಳ ಮತ್ತೆ ಶುರುವಾಯಿತು, ಇವರು ನಿಜವಾಗಿ ಖುಷಿಯಿಂದ ಕೇಳುತ್ತ ಕೂತಿದ್ದರು. ನನಗೆ ಅಳು ಬಂತು. ಅಷ್ಟು ಜನರ ಮಧ್ಯೆ ಸೆರಗಿನಲ್ಲಿ ಮೂಗು ಒರೆಸಿಕೊಂಡೆ, ಯಾರು ನೋಡಿದರೂ ನನಗೇನೂ ಅನ್ನಿಸಲಿಲ್ಲ.

ಕಣ್ಣು ಒರೆಸಿಕೊಂಡು ಇನ್ನೊಮ್ಮೆ ಚಿತ್ರ ನೋಡಿದೆ. ಮೇಷ್ಟ್ರಿಗೂ ಹರಿಣಾಕ್ಷಕ್ಕನಿಗೂ ಕಾಣದ್ದು ನನಗೆ ಕಂಡಿತು. ಆ ಎರಡು ಕೈಗಳಲ್ಲಿ ಯಾವುದೂ ಪೆನ್ಸಿಲು ಬಿಡುತ್ತಿರಲಿಲ್ಲ.

“ವನಜ, ನಿಂಗ್ ಎಂತ ಕಾಂತ್?” ಎಂದು ಇವರು ಮೆಲ್ಲಗೆ ಕೇಳಿದರು.

“ಮನೀಗ್ ಹೋಪತಿಗೆ ದಾರಿಯಂಗೆ ಹೇಳ್ತೆ,” ಎಂದೆ. ಅಷ್ಟರಲ್ಲಿ ಚಹಾ ಬಂತು.